ಬಿಸಿಲಿಗೆ ಇಟ್ಟ ಗಿಟಾರು

ಸೊಲ್ಲಾಪುರ
೨ ಏಪ್ರಿಲ್ ೨೦೨೫

ಗುರುಸಿದ್ಧಣ್ಣನಿಗೆ,

ಪತ್ರ ಬರೆಯುವಾಗ ಮೊದಲು ಎಲ್ಲರೂ ಕ್ಷೇಮವೆಂದು ಬರೆಯಬೇಕು ಅಂತ ನಾಗಣಸೂರಿನ ಸಾಲಿಯಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿಲ್ಲ. ನೀನು ಹೇಗಿದ್ದೀಯೋ ನನಗೆ ಬೇಕಾಗಿಲ್ಲ. ನಿನ್ನ ನಂಬರು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀನು ದನಿ ಏರಿಸುತ್ತೀ, ನಾನು ಅಳುತ್ತೇನೆ, ಅಲ್ಲಿಗೆ ನೀನು ಗೆದ್ದ ಹಾಗೆ. ಕಾಗದದ ಮೇಲೆ ನೀನು ಚೀರಲು ಬರುವುದಿಲ್ಲ. ನಾನು ಕನ್ನಡ ಬರೆದು ಹತ್ತು ವರ್ಷವಾಯಿತು, ಗೋದಾಮಿನಲ್ಲಿ ಎಲ್ಲವೂ ಮರಾಠಿ. ತಪ್ಪಿದ್ದರೆ ತಿದ್ದಿಕೊಂಡು ಓದು.

ಯುಗಾದಿ ಪಾಡ್ಯದ ಹಿಂದಿನ ದಿನ, ಅಮಾಸಿಯ ಮಧ್ಯಾಹ್ನ, ನಾನು ಸುವರ್ಣಾ ವೈನಿಯ ಜೊತೆ ಬೀರೋಬಾನ ಗುಡಿಗೆ ನೈವೇದ್ಯ ಕೊಡಲು ಹೋದೆ. ಹೋಗುವಾಗ ನನ್ನ ಗಿಟಾರು ಒಳಗಿನ ಖೋಲಿಯಲ್ಲಿ, ಚೀಲದೊಳಗೆ, ಗೋಡೆಗೆ ಆನಿಕೊಂಡಿತ್ತು. ನಾಲ್ಕು ಗಂಟೆಗೆ ತಿರುಗಿ ಬಂದರೆ ಅದು ದನದ ಕೊಟ್ಟಿಗೆಯ ತಗಡಿನ ಪತ್ರಾದ ಮೇಲೆ, ಉರಿಬಿಸಿಲಿನಲ್ಲಿ ಅಂಗಾತ ಬಿದ್ದಿತ್ತು. ತಂತಿ ಬಿಗಿದ ಕಟ್ಟಿಗೆಯ ಪಟ್ಟಿ ಬುಡದಿಂದ ಕಿತ್ತು ಎದ್ದಿತ್ತು. ಹೊಟ್ಟೆ ಉಬ್ಬಿತ್ತು. ಮೈಮೇಲೆಲ್ಲ ಹಳದಿ ಪುಡಿ. ನೀನು ಕೆಳಗೆ ಕೈ ಕಟ್ಟಿಕೊಂಡು ನಿಂತಿದ್ದಿ. ನಿನ್ನ ಮಗಳು ಪ್ರಾಜಕ್ತಾ ಬಾಗಿಲಲ್ಲಿ ಕಣ್ಣು ಅಗಲಿಸಿಕೊಂಡು ನಿಂತಿದ್ದಳು.

"ಯಾಕ ಮಾಡಿದಿ?" ಅಂತ ಕೇಳಿದೆ. "ಇದೇನ ವಾದ್ಯ ಇದು!" ಅಂದಿ. ಅಷ್ಟೇ. ಅದನ್ನು ಮುಟ್ಟುವ ಧೈರ್ಯವೂ ನನಗೆ ಆಗಲಿಲ್ಲ. ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಕುಂಭಾರಿ ಬರುವವರೆಗೆ ಪಕ್ಕದ ಹೆಣ್ಣುಮಗಳು ನನಗೆ ನೀರು ಕುಡಿಸುತ್ತಲೇ ಇದ್ದಳು.

ಎರಡು ಮಾತು. ಬೇಕಂತಲೇ ಮಾಡಿದೆ ಅಂತ ನಿನ್ನ ಕೈಯಾರೆ ಬರೆದು ಕಳಿಸು. ಗಿಟಾರನ್ನು ಯಾರ ಕೈಯಲ್ಲಾದರೂ ಸೊಲ್ಲಾಪುರಕ್ಕೆ ಮುಟ್ಟಿಸು. ಅಲ್ಲಿಯವರೆಗೆ ನಾನು ಆ ಊರಿಗೆ ಕಾಲಿಡುವುದಿಲ್ಲ. ನಿನ್ನ ತಂಗಿ ಅಂತ ಸಹಿ ಹಾಕಲೂ ಮನಸ್ಸಿಲ್ಲ.

ಛಾಯಾ


ನಾಗಣಸೂರ
೧೪ ಏಪ್ರಿಲ್ ೨೦೨೫

ಛಾಯಾ,

ಅಂಚೆಯವ ನಿನ್ನ ಪತ್ರವನ್ನು ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರು ಕೊಟ್ಟ. "ಕೋರ್ಟಿನ ನೋಟೀಸ ಬಂದದೇನ ಗುರುಸಿದ್ಧಾ?" ಅಂತ ಅವರು ನಕ್ಕರು. ಓದಿದ ಮೇಲೆ ನೋಟೀಸೇ ಬಂದಿದ್ದರೆ ಚಲೋ ಇತ್ತು ಅನ್ನಿಸಿತು.

ನನ್ನ ಮನೆ, ನನ್ನ ಕೊಟ್ಟಿಗೆ, ನನ್ನ ಪತ್ರಾ. ಅದರ ಮೇಲೆ ಏನು ಇಡಬೇಕು ಅಂತ ನಾನು ಸೊಲ್ಲಾಪುರಕ್ಕೆ ಕೇಳಿ ಇಡಬೇಕೇನು? ಹಳದಿ ಪುಡಿ ಅಂತ ಬರೆದಿದ್ದೀ. ಅದು ದೇವರ ಭಂಡಾರ. ಪೆಟ್ಟಿಗೆ ಎಣಿಸಿ ಎಣಿಸಿ ಭಂಡಾರದ ಗುರುತೂ ಮರೆತೆಯೇನು? ಇದು ಗೊಲ್ಲಾಳಪ್ಪನ ಮನೆ. ಅಪ್ಪ ನಲವತ್ತು ವರ್ಷ ಬೀರೋಬಾನ ಡೊಳ್ಳು ಹೊತ್ತ, ಅವನ ಹಿಂದೆ ನಾನು ಹೊತ್ತೆ. ವಾದ್ಯ ಅಂದರೆ ಏನು ಅಂತ ಈ ಮನೆಗೆ ನೀನು ಕಲಿಸಬೇಡ.

ಬೇಕಂತಲೇ ಮಾಡಿದೆ ಅಂತ ಬರೆದು ಕೊಡಲು ನಾನು ಸಿಕ್ಕಿಬಿದ್ದ ಕಳ್ಳನಲ್ಲ. ಓಣಿಯ ಮಂದಿಯ ಎದುರು, ನನ್ನ ಮಗಳ ಎದುರು, ರಾಕ್ಷಸ ಅಂದಿ. ಹಬ್ಬದ ಹೋಳಿಗೆ ಬಿಟ್ಟು ಹೋದಿ. ಆವತ್ತು ನನ್ನ ಹೆಂಡತಿ ಸುವರ್ಣಾ ಊಟ ಮಾಡಲಿಲ್ಲ. ಆ ಲೆಕ್ಕ ಯಾರು ಬರೆದುಕೊಡುತ್ತಾರೆ?

ಬೇಕಿದ್ದರೆ ಬಂದು ಒಯ್ಯಿ. ನಾನು ನಿನ್ನ ಹಮಾಲನಲ್ಲ.

ಗುರುಸಿದ್ಧ


ಸೊಲ್ಲಾಪುರ
೨೦ ಏಪ್ರಿಲ್ ೨೦೨೫

ಅಣ್ಣಾ,

ಭಂಡಾರ ಎರಚಿದಿ. ತಿಳಿಯಿತು. ನನ್ನ ವಾದ್ಯದಿಂದ ನಿನ್ನ ಮನೆ ಮೈಲಿಗೆಯಾಯಿತು, ಭಂಡಾರ ಹಾಕಿ ತೊಳೆದಿ. ಒಳಗಿನ ತೂತಿನವರೆಗೂ ತುಂಬಿದ್ದಿ, ಭಲೇ.

ನೀನು ಏನು ಮುರಿದಿ ಅಂತ ಗೊತ್ತಾಗಲಿ ಎಂದೇ ಬರೆಯುತ್ತೇನೆ. ಹೋದ ನವೆಂಬರಿನಲ್ಲಿ ಶುರು ಮಾಡಿದೆ. ಚಿಂಚೋಳಿಯ ಗೋದಾಮಿನಲ್ಲಿ ಪಾಳಿ ಮುಗಿಸಿ, ಬೆವರಿನ ಬಟ್ಟೆಯಲ್ಲೇ ಅವಿನಾಶ ಸರ್ ಅವರ ಕ್ಲಾಸಿಗೆ ಹೋಗುತ್ತಿದ್ದೆ. ದರ್ಜಿ ಅಂಗಡಿಯ ಮೇಲೆ ಒಂದೇ ಖೋಲಿ. ಎಂಟು ಮಂದಿ ಹತ್ತನೆಯ ಇಯತ್ತೆಯ ಹುಡುಗರು, ಮೂವತ್ತೊಂದು ವರ್ಷದವಳು ನಾನೊಬ್ಬಳೇ. ಮೊದಲ ದಿನ ಹುಡುಗರು ನನ್ನನ್ನು ಯಾರದೋ ತಾಯಿ ಅಂತ ತಿಳಿದು ಕುರ್ಚಿ ಕೊಟ್ಟರು. ಒಂದು ವಾರ ಬರೀ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದನ್ನು ಕಲಿತೆ. ಎರಡನೆಯ ವಾರ ಎಡಗೈಯ ಬೆರಳ ತುದಿಗಳು ಬಾತು, ಬಿಸಿ ಭಕ್ಕರಿ ಮುರಿಯಲು ಆಗುತ್ತಿರಲಿಲ್ಲ. ಎರಡು ತಿಂಗಳಿಗೆ ಆ ತುದಿಗಳು ಗಟ್ಟಿಯಾದವು. ಒಂದು ಸಂಜೆ ಆರೂ ತಂತಿ ಒಂದೇ ಸಲಕ್ಕೆ ಸ್ವಚ್ಛವಾಗಿ ನುಡಿದವು. ನಾನು ಹುಡುಗರ ಎದುರೇ ಅತ್ತುಬಿಟ್ಟೆ.

ನಿನಗೆ ನೆನಪಿಲ್ಲದಿರಬಹುದು. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪನ ಡೊಳ್ಳನ್ನು ಎರಡೇ ಎರಡು ಪೆಟ್ಟು ಬಾರಿಸಿದ್ದೆ. ನೀನು ಓಡಿ ಬಂದು ಕೈಯಿಂದ ಕೋಲು ಕಸಿದಿ. "ಹೆಣ್ಣ ಹುಡಿಗ್ಯಾರು ದೇವರ ಡೊಳ್ಳ ಮುಟ್ಟಬಾರ್ದು" ಅಂದಿ. ಕೋಲಿನ ಸಿಬಿರು ನನ್ನ ಅಂಗೈಯಲ್ಲಿ ಮುರಿದು ಉಳಿದಿತ್ತು. ಅವ್ವ ಸೂಜಿಯಿಂದ ತೆಗೆದಳು. ಇದು ಎರಡನೆಯ ಸಲ.

ಆ ಅಮಾಸಿಯ ಸಂಜೆ ನಾನು ಏನು ಬಾರಿಸಬೇಕು ಅಂತಿದ್ದೆ ಅನ್ನುವುದನ್ನು ನಿನಗೆ ಹೇಳುವುದಿಲ್ಲ. ಇನ್ನೊಂದು ಗಿಟಾರು ತೆಗೆದುಕೊಂಡಿದ್ದೇನೆ. ಕಲಿಯುವುದು ನಿಂತಿಲ್ಲ, ನಿನಗೆ ಆ ಖುಷಿ ಬೇಡ. ಆದರೂ ಅದು ನನ್ನದು. ಕಳಿಸು.

ಛಾಯಾ


ನಾಗಣಸೂರ
೧೮ ಮೇ ೨೦೨೫

ಛಾಯಾ,

ಇನ್ನೊಂದು ತೆಗೆದುಕೊಂಡಿದ್ದರೆ ಇದು ಯಾಕೆ ಬೇಕು? ಎರಡು ಹೊಟ್ಟೆ, ನಾಲ್ಕು ಕೈ ಬಂದಿವೆಯೇನು?

ಅಡ್ಡಾಡುವ ದಾರಿಯಲ್ಲಿ ಕಾಲಿಗೆ ಸಿಗುತ್ತಿತ್ತು ಅಂತ ಅದನ್ನು ಅಕ್ಕಲಕೋಟದ ಬಡಿಗೇರ ಅಮೃತಪ್ಪನಿಗೆ ಕೊಟ್ಟೆ. ನಿನಗಾಗಿ ಕೊಟ್ಟಿದ್ದಲ್ಲ. ಅವನು ಪಟ್ಟಿಗೆ ಫೆವಿಕಾಲ್ ಹಚ್ಚಿ, ಸೈಕಲ್ಲಿನ ಟ್ಯೂಬಿನಿಂದ ಬಿಗಿದು, ಮೇಲೆ ರುಬ್ಬುವ ಗುಂಡು ಹೇರಿ ನಾಲ್ಕು ದಿನ ಇಟ್ಟ. ತಂತಿ ಹಿಡಿಯುವ ಬಿಳಿಯ ಗೂಟ ಒಂದು ಕಳೆದಿತ್ತು, ಬೇವಿನ ಕಡ್ಡಿ ಕೆತ್ತಿ ಹಾಕಿದ. ಹಳೆಯ ತಂತಿಗಳನ್ನೇ ಕಟ್ಟಿದ.

ಛೀ, ಎಂಥಾ ವಾದ್ಯ ಅದು! ಆವತ್ತು ಡೊಳ್ಳುಗಳೂ ಅದರ ಮಗ್ಗುಲಲ್ಲೇ ಬಿಸಿಲಿಗೆ ಕಾಯುತ್ತಿದ್ದವು. ಎರಡು ತಾಸಿಗೆ ಅವು ಬೆರಳು ಸೋಕಿದರೆ ಕಣ್ ಅನ್ನುವ ಹಾಗೆ ಬಿಗಿದವು, ನಿನ್ನದು ಬಾಯಿ ಬಿಟ್ಟಿತು. ಅಪ್ಪನ ಡೊಳ್ಳು ಎಷ್ಟು ವರ್ಷದ ಬಿಸಿಲು ಕಂಡಿದೆ! ಕಾಯಿಸದೆ ಯಾವ ವಾದ್ಯ ನುಡಿಯುತ್ತದೆ? ಎರಡು ತಾಸಿನ ಬಿಸಿಲು ತಡೆಯಲಾರದ್ದನ್ನು ಹೊತ್ತು ತಿರುಗುತ್ತೀಯಲ್ಲ, ನಿನಗೆ ಏನು ಅನ್ನಬೇಕು.

ಅದು ಹೋಗಲಿ. ತಂತಿ ಬೆರಳಿಗೆ ಕಚ್ಚುತ್ತದೆ. ಒತ್ತಿದರೆ ನೊಣ ಸಿಕ್ಕ ಹಾಗೆ ಜುಂಯ್ ಅನ್ನುತ್ತದೆ, ಧ್ವನಿಯೇ ಇಲ್ಲ. ಇದಕ್ಕೆ ನೀನು ಅತ್ತೆಯಾ?

ಗುರುಸಿದ್ಧ


ಸೊಲ್ಲಾಪುರ
೨೭ ಮೇ ೨೦೨೫

ಅಣ್ಣಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲಕ್ಕೆ ತಲೆ ಗಿಮ್ ಅಂದಿತು.

ಕಾಯಿಸಲು ಇಟ್ಟಿದ್ದೆಯಾ? ಯಪ್ಪಾ ಶಿವನೇ! ಗಿಟಾರಿಗೆ ಚರ್ಮ ಎಲ್ಲಿದೆಯೋ ಮಾರಾಯಾ? ಅದು ತೆಳ್ಳನೆಯ ಕಟ್ಟಿಗೆ, ಅಂಟಿನಿಂದ ಕೂಡಿಸಿದ್ದು. ಬಿಸಿಲಿಗೆ ಅಂಟು ಮೆತ್ತಗಾಗುತ್ತದೆ, ತಂತಿ ಜಗ್ಗುತ್ತಲೇ ಇರುತ್ತದೆ, ಪಟ್ಟಿ ಏಳುತ್ತದೆ. ಕೇಳಿದ್ದರೆ ಹೇಳುತ್ತಿದ್ದೆ. ಕೇಳಿದರೆ ನಿನ್ನ ಮೀಸೆ ಉದುರುತ್ತಿತ್ತೇ?

ಒಂದು ಪ್ರಶ್ನೆ ಇದೆ. ನಮ್ಮ ಮನೆಯಲ್ಲಿ ಡೊಳ್ಳು ಕಾಯುವುದು ಬರೀ ಪತ್ರಾದ ಮೇಲಲ್ಲ, ಬೀರೋಬಾನ ಕರಿ ಕಂಬಳಿಯ ಮೇಲೆ. ಆ ಕಂಬಳಿಯನ್ನು ಅವ್ವ ಕೂಡ ಯಾವತ್ತೂ ಮುಟ್ಟಲಿಲ್ಲ. ನಾನು ಬಂದಾಗ ಡೊಳ್ಳೂ ಇರಲಿಲ್ಲ, ಕಂಬಳಿಯೂ ಇರಲಿಲ್ಲ. ಗಿಟಾರನ್ನು ಕಂಬಳಿಯ ಮೇಲೆ ಇಟ್ಟಿದ್ದಿಯೋ, ಅದರ ಆಚೆ ಬರೀ ಪತ್ರಾದ ಮೇಲೆ ಇಟ್ಟಿದ್ದಿಯೋ? ಒಂದೇ ಮಾತಿನಲ್ಲಿ ಬರೆ. ಪತ್ರಾದ ಮೇಲೆ ಇಟ್ಟಿದ್ದರೆ ನೀನು ನನಗೆ ಗೊತ್ತಿದ್ದ ಅಣ್ಣನೇ. ಕಂಬಳಿಯ ಮೇಲೆ ಇಟ್ಟಿದ್ದರೆ ನೀನು ಯಾರು ಅಂತ ನನಗೆ ತಿಳಿಯದು.

ಇನ್ನು, ಯಾರ ಬೆರಳಿಗೆ ಕಚ್ಚಿತು? ಪ್ರಾಜಕ್ತಾ ಕದ್ದು ಮುಟ್ಟುತ್ತಿದ್ದಾಳೆ ಅಂತ ತಿಳಿಯಿತು. ಹನ್ನೆರಡು ವರ್ಷದ ಹುಡುಗಿ, ಮುಟ್ಟಲಿ ಬಿಡು. ಅವಳ ಮೇಲೆ ಕೈ ಎತ್ತಿದರೆ ನೋಡು ಮತ್ತೆ. ನಾನು ಹೇಳಿದ್ದನ್ನು ಅವಳಿಗೆ ಓದಿ ಹೇಳು, ಮರಾಠಿ ಸಾಲಿಯವಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಎಡಗೈಯ ಉಗುರು ಬುಡದವರೆಗೆ ಕತ್ತರಿಸಬೇಕು. ಹೆಬ್ಬೆರಳು ಗಿಟಾರಿನ ಕುತ್ತಿಗೆಯ ಹಿಂದೆ ಇರಬೇಕು. ಕುತ್ತಿಗೆಯ ಮೇಲೆ ಅಡ್ಡ ಕೂರಿಸಿದ ತಗಡಿನ ಗೆರೆಗಳಿಗೆ ಫ್ರೆಟ್ ಅನ್ನುತ್ತಾರೆ. ಬೆರಳನ್ನು ಎರಡು ಗೆರೆಗಳ ನಡುವೆ ಅಲ್ಲ, ಮುಂದಿನ ಗೆರೆಗೆ ಆತು ಒತ್ತಬೇಕು. ಆಗ ಜುಂಯ್ ಅನ್ನುವುದು ನಿಲ್ಲುತ್ತದೆ. ಕಚ್ಚುವುದು ಮಾತ್ರ ನಿಲ್ಲುವುದಿಲ್ಲ. ಎರಡು ತಿಂಗಳು ಕಚ್ಚುತ್ತದೆ.

ಛಾಯಾ


ನಾಗಣಸೂರ
೧೫ ಜೂನ್ ೨೦೨೫

ಛಾಯಾ,

ದಡ್ಡ ಅಂತ ನೇರವಾಗಿ ಬರೆಯಬೇಕಿತ್ತು, ಮೀಸೆಯ ಮಾತು ಯಾಕೆ.

ಜುಂಯ್ ಅನ್ನುವುದು ನಿಂತಿದೆ. ನಾಲ್ಕನೆಯ ತಂತಿ ಇನ್ನೂ ಹಟ ಮಾಡುತ್ತದೆ. ಆರೂ ಒಂದಕ್ಕೊಂದು ಹೊಂದುವುದಿಲ್ಲ, ಒಂದೊಂದು ಒಂದೊಂದು ಊರಿನ ಮಂದಿಯ ಹಾಗೆ ಮಾತಾಡುತ್ತವೆ. ತಂತಿ ಬಿಗಿಯುವ ಕಿವಿ ಹಿಂಡುತ್ತಾ ಹೋದರೆ ಎಲ್ಲಿಗೆ ನಿಲ್ಲಿಸಬೇಕು ತಿಳಿಯುವುದಿಲ್ಲ. ಬರೀ ಒಂದೊಂದೇ ತಂತಿ ಎಷ್ಟು ದಿನ ಎಳೆಯುವುದು? ಹುಡುಗಿ ಕೇಳುತ್ತಾಳೆ.

ಮಳೆ ಇನ್ನೂ ಇಲ್ಲ. ಕುರಿಗಳನ್ನು ಹೊಳೆಯ ಕಡೆಗೆ ಹೊಡೆದಿದ್ದೇವೆ. ಇದನ್ನು ನೀನು ಕೇಳಲಿಲ್ಲ, ಆದರೂ ಬರೆದೆ.

ಗುರುಸಿದ್ಧ


ಸೊಲ್ಲಾಪುರ
೨೯ ಜೂನ್ ೨೦೨೫

ಅಣ್ಣಾ,

ಕುರಿಯ ಸುದ್ದಿ ಬರೆಯಲು ಕೈ ಬರುತ್ತದೆ, ಕಂಬಳಿಯ ಸುದ್ದಿಗೆ ಕೈ ಬರುವುದಿಲ್ಲ. ಉತ್ತರ ಕೊಡದಿದ್ದದ್ದೇ ಉತ್ತರ ಅಂತ ತಿಳಿಯುತ್ತೇನೆ. ಬರೀ ಪತ್ರಾದ ಮೇಲೆ ಇಟ್ಟಿದ್ದಿ.

ಪ್ರಾಜಕ್ತಾಳಿಗೆ ಹೇಳು. ವೈನಿಯ ಫೋನಿನಲ್ಲಿ ಶ್ರುತಿ ಹಚ್ಚುವ ಆ್ಯಪ್ ಸಿಗುತ್ತದೆ. ತಂತಿ ಎಳೆದರೆ ಮುಳ್ಳು ಆ ಕಡೆ ಈ ಕಡೆ ಆಡುತ್ತದೆ, ನಡುವೆ ಬಂದರೆ ಹಸಿರಾಗುತ್ತದೆ. ತುಂಬ ತೆಳ್ಳಗಿನದು ಒಂದನೆಯ ತಂತಿ, ತುಂಬ ದಪ್ಪಗಿನದು ಆರನೆಯದು. ಇನ್ನು ಮೊದಲ ಕಾರ್ಡ್. ಕಾರ್ಡ್ ಅಂದರೆ ಕೆಲವು ತಂತಿ ಒತ್ತಿ ಹಿಡಿದು ಎಲ್ಲವನ್ನೂ ಕೂಡಿಸಿ ಬಾರಿಸುವುದು. ಎರಡನೆಯ ಫ್ರೆಟ್ಟಿನಲ್ಲಿ ಐದನೆಯ ತಂತಿಗೆ ನಡುಬೆರಳು, ನಾಲ್ಕನೆಯ ತಂತಿಗೆ ಉಂಗುರ ಬೆರಳು. ಎರಡೇ ಬೆರಳು. ಇದಕ್ಕೆ ಇ ಮೈನರ್ ಅನ್ನುತ್ತಾರೆ. ಬೆರಳು ಮಲಗಬಾರದು, ತುದಿಯ ಮೇಲೆ ನಿಲ್ಲಬೇಕು. ಇದು ಬಂದ ಮೇಲೆ ಜಿ ಕಾರ್ಡ್. ಅದರ ಚಿತ್ರವನ್ನು ಈ ಕಾಗದದ ಹಿಂದೆ ಬರೆದಿದ್ದೇನೆ.

ದಿನಾ ಹದಿನೈದು ನಿಮಿಷ ಸಾಕು. ನೋವಿಗೆ ಎಣ್ಣೆ ಹಚ್ಚಬಾರದು, ಚರ್ಮ ಮೆತ್ತಗಾಗುತ್ತದೆ.

ನಿನಗೆ ಮಾತ್ರ ಒಂದು ಮಾತು. ಅವಳು ಚಲೋ ಬಾರಿಸಿದ ದಿನ ಬಾಯಿ ಬಿಟ್ಟು ಹೇಳು. ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಬೀಳಲಿ ಅಂತ ಕಾದು ಕಾದು ಈ ಮನೆಯ ಹೆಣ್ಣುಮಕ್ಕಳು ಮುದುಕಿಯರಾಗಿದ್ದಾರೆ.

ಛಾಯಾ


ನಾಗಣಸೂರ
೩ ಆಗಸ್ಟ್ ೨೦೨೫

ಛಾಯಾ,

ಎರಡು ಬೆರಳಿನದು ಬಂತು. ಜಿ ಬಂತು. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಭಕ್ಕರಿ ಬೇಯಿಸಿ ಇಳಿಸಬಹುದು, ಅಷ್ಟು ತಡ. ಅವಳ ಬೆರಳು ದಪ್ಪ, ಒಂದು ತಂತಿ ಒತ್ತಿದರೆ ಮಗ್ಗುಲಿನದೂ ಸಾಯುತ್ತದೆ. ಬಲಗೈಯ ತಾಳ ಮಾತ್ರ ಬರೋಬರಿ ಇದೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ದಪ್ಪ ಬೆರಳಿನವರು ಏನು ಮಾಡುತ್ತಾರೆ, ಅದನ್ನಷ್ಟು ಬರೆ. ಉಪದೇಶ ಬೇಡ.

ಗುರುಸಿದ್ಧ


ಸೊಲ್ಲಾಪುರ
೨೪ ಆಗಸ್ಟ್ ೨೦೨೫

ಗುರುಸಿದ್ಧಪ್ಪ ಗೊಲ್ಲಾಳಪ್ಪ ಅವರಿಗೆ,

ನಿನ್ನೆ ವೈನಿ ಬಟ್ಟೆ ತೆಗೆಯಲು ಸೊಲ್ಲಾಪುರಕ್ಕೆ ಬಂದಿದ್ದಳು, ನನ್ನ ಖೋಲಿಗೂ ಬಂದಳು. "ಪ್ರಾಜಕ್ತಾ ಎಷ್ಟು ಕಲ್ತಾಳ್ರಿ ವೈನಿ?" ಅಂತ ಕೇಳಿದೆ. "ಅಯ್ಯ, ಆಕಿಗಿ ಎಲ್ಲಿ ಮುಟ್ಟಾಕ ಕೊಡತಾರ? ತಾವ ಕುಂಡ್ರತಾರ, ಬಾಗಲಾ ಹಾಕ್ಕೊಂಡು. ಮುಂಜಾನಿ ಒಂದ ತಾಸು, ಸಂಜಿಕ ಒಂದ ತಾಸು" ಅಂದಳು.

ಥೂ ನಿನ್ನ. ಮೂರು ತಿಂಗಳು ನಾನು ನಿನಗೆ ಪಾಠ ಹೇಳಿದೆ! ಹುಡುಗಿಗೆ ಅಂತ ಫ್ರೆಟ್ಟಿನ ಚಿತ್ರ ಬರೆದೆ, ಬೆರಳಿಗೆ ನಂಬರು ಹಾಕಿದೆ. ನನ್ನ ಗಿಟಾರು ಒಡೆದವನು, ನನ್ನ ಗಿಟಾರು ಬಿಡದವನು, ನನ್ನಿಂದಲೇ ಅದನ್ನು ಕಲಿಯುತ್ತಿದ್ದಾನೆ, ಅದೂ ನನ್ನ ಸೊಸೆಯ ಹೆಸರು ಹೇಳಿ. ದಪ್ಪ ಬೆರಳು ಅಂತ ಓದಿದಾಗಲೇ ನನಗೆ ತಿಳಿಯಬೇಕಿತ್ತು. ನಾನೂ ದಡ್ಡಿಯೇ.

ವೈನಿ ಇನ್ನೊಂದು ಮಾತು ಹೇಳಿದಳು, ಹೇಳಿ ಬಾಯಿ ಮುಚ್ಚಿಕೊಂಡಳು. ಕೊರಳಿನ ನೋವಿಗೆ ನೀನು ಏಪ್ರಿಲಿನಿಂದ ಡೊಳ್ಳು ಮುಟ್ಟಿಲ್ಲವಂತೆ. ಕೊರಳಿಗೆ ಏನಾಗಿದೆ? ಐದು ತಿಂಗಳು ಪತ್ರ ಬರೆದಿ, ಭಂಡಾರ ಬರೆದಿ, ಫೆವಿಕಾಲ್ ಬರೆದಿ, ಕುರಿ ಬರೆದಿ. ಕೊರಳನ್ನು ಬರೆಯಲಿಲ್ಲ. ನಾನು ಯಾರು ನಿನಗೆ? ಅಂಚೆಯವನ ನೆಂಟಳೇ?

ಪಾಠ ಬಂದ್. ನಿಜ ಬರೆದರೆ ಓದುತ್ತೇನೆ. ಇಲ್ಲದಿದ್ದರೆ ಇನ್ನು ಮುಂದೆ ನಿನ್ನ ಪತ್ರ ಒಡೆಯುವುದಿಲ್ಲ.

ಛಾಯಾ


ನಾಗಣಸೂರ
೭ ಸೆಪ್ಟೆಂಬರ್ ೨೦೨೫

ಛಾಯಾ,

ಸುವರ್ಣಾಳ ಕೈಯಲ್ಲಿ ಗುಟ್ಟು ಕೊಡುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಹೌದು, ನಾನೇ. ಬೀರೋಬಾನ ಮೇಳದ ಮುಂದೆ ಕುಣಿದವನು ನಲವತ್ತಾರನೆಯ ವಯಸ್ಸಿಗೆ ತಂಗಿಯ ಹತ್ತಿರ ಎರಡು ಬೆರಳು ಎಲ್ಲಿ ಇಡಲಿ ಅಂತ ಕೇಳಬೇಕಾಯಿತು. ನಾಚಿಕೆಯಾಯಿತು. ಮಗಳ ಹೆಸರು ಹೇಳಿದೆ.

ಏಪ್ರಿಲ್ ಎಂಟಕ್ಕೆ ಅಕ್ಕಲಕೋಟದ ಡಾಕ್ಟರು ಕೊರಳಿನ ಫೋಟೋ ತೆಗೆಸಿದ. ಎಲುಬು ಸವೆದಿದೆಯಂತೆ. "ಇನ್ನೊಮ್ಮಿ ಡೊಳ್ಳ ಕೊರಳಿಗಿ ಹಾಕ್ಕೊಂಡ್ರ ಎಡಗೈ ಹೋತು ಅಂತ ತಿಳೀರಿ" ಅಂದ. ಅದರ ಮರುವಾರವೇ ನಿನ್ನ ಮೊದಲ ಪತ್ರಕ್ಕೆ ಉತ್ತರ ಬರೆದೆ. ಅದರಲ್ಲಿನ ಸಿಟ್ಟೆಲ್ಲ ನಿನ್ನ ಮೇಲಿನದಲ್ಲ. ಅರ್ಧ ನಿನ್ನ ಮೇಲಿನದು.

ಗಿಟಾರು ಅಂಟಿಸಿ ತಂದ ಮೇಲೆ ಅಮೃತಪ್ಪನ ಕೆಲಸ ಹೇಗಿದೆ ನೋಡೋಣ ಅಂತ ತಂತಿ ಎಳೆದೆ. ಬಿಡಲು ಆಗಲಿಲ್ಲ. ಎಡಗೈಯ ಎರಡು ಬೆರಳು ಇಡೀ ದಿನ ಜೋಮು ಹಿಡಿದಿರುತ್ತವೆ. ತಂತಿ ಕಚ್ಚಿದಾಗ ಮಾತ್ರ ಅವು ನನ್ನ ಬೆರಳು ಅನ್ನಿಸುತ್ತವೆ.

ನೀನು ಕಂಬಳಿ ಕಂಬಳಿ ಅಂತ ಜೀವ ತಿಂದಿ. ಕಂಬಳಿಯ ಮೇಲೆ. ಅಪ್ಪನ ಡೊಳ್ಳಿನ ಬಲಕ್ಕೆ. ಆ ದಿನ ಮುಂಜಾನೆ ಸುವರ್ಣಾ ಹೇಳಿದ್ದಳು, "ಛಾಯಾ ಇವತ್ತ ಸಂಜಿಕ ಅತ್ತಿಯವರ ಹಾಡ ಬಾರಸ್ತಾಳಂತ, ಕುರಿ ಹಿಂದ ಹಾಡತಿದ್ರಲ್ಲ, ಅದು" ಅಂತ. ಗುಡಿಯಿಂದ ಬಂದ ಮಂದಿ ಅಂಗಳದಲ್ಲಿ ಕೂಡುವ ಸಂಜೆ ಅದು. ಅವ್ವನ ಹಾಡು ಅವರ ಎದುರು ಸಪ್ಪಗೆ ನುಡಿಯಬಾರದು ಅಂತ ಕಾಯಲು ಇಟ್ಟೆ. ನಮ್ಮ ಮನೆಗೆ ಹೊಸ ವಾದ್ಯ ಬಂದರೆ ಭಂಡಾರ ಹಾಕದೆ ಯಾರಾದರೂ ಬಾರಿಸಿದ್ದಾರೇನು? ಹಾಕಿದೆ. ಮುಷ್ಟಿ ದೊಡ್ಡದಾಯಿತು ಅಂತ ಕಾಣುತ್ತದೆ. ಮೇಳದವರು ಗಿಟಾರನ್ನು ಪತ್ರಾದ ಮೇಲೆ ಸರಿಸಿ, ಡೊಳ್ಳು, ಕಂಬಳಿ ಎತ್ತಿಕೊಂಡು ಗುಡಿಗೆ ಹೋದರು. ನಿನ್ನದನ್ನು ನಾನೇ ಇಳಿಸುತ್ತೇನೆ ಅಂತ ಹತ್ತಿದೆ. ಪಟ್ಟಿ ಎದ್ದಿತ್ತು. ಮುಟ್ಟಿದರೆ ಇನ್ನೂ ಕೆಡುತ್ತದೆ ಅಂತ ಕೆಳಗಿಳಿದು ನಿಂತೆ. ಅಷ್ಟರಲ್ಲಿ ನೀನು ಬಂದಿ.

ಕಂಬಳಿಯ ಮೇಲೆ ಇಟ್ಟಿದ್ದೆ ಅಂತ ಆವತ್ತೇ ಹೇಳಬಹುದಿತ್ತು. ಹೇಳಿದ್ದರೆ ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಕೈಯಿಂದ ಕೋಲು ಕಸಿದದ್ದು ತಪ್ಪು ಅಂತ ಒಪ್ಪಬೇಕಾಗುತ್ತಿತ್ತು. ಬಾಯಿ ಬರಲಿಲ್ಲ. ಆ ಸಿಬಿರು ನನಗೆ ಗೊತ್ತಿರಲಿಲ್ಲ.

ಡೊಳ್ಳು ಬಿಟ್ಟಾಗಿನಿಂದ ಕೂತಲ್ಲಿ ಕೈ ತಾನಾಗಿ ತೊಡೆಯ ಮೇಲೆ ಬಡಿಯುತ್ತದೆ. ಊಟಕ್ಕೆ ಕೂತಾಗಲೂ ಬಡಿಯುತ್ತದೆ. ನಿನಗೂ ಹೀಗೆ ಆಗುತ್ತಿತ್ತೇನು? ಎಷ್ಟು ವರ್ಷ?

ದಸರೆಯ ಖಂಡೆ ನವಮಿಗೆ ಗುಡಿಯಲ್ಲಿ ಮೊದಲ ಪೆಟ್ಟು ನಮ್ಮ ಮನೆಯದು. ಅಪ್ಪ ಹೊಡೆದ, ಆಮೇಲೆ ನಾನು ಹೊಡೆದೆ. ಈ ಸಲ ನೀನು ಬಾ. ಕೋಲು ನಿನ್ನ ಕೈಗೆ ಕೊಡುತ್ತೇನೆ. ಮಂದಿ ಏನಾದರೂ ಅನ್ನಲಿ.

ಗುರುಸಿದ್ಧ


ಸೊಲ್ಲಾಪುರ
೧೪ ಸೆಪ್ಟೆಂಬರ್ ೨೦೨೫

ಅಣ್ಣಾ,

ಎಷ್ಟು ವರ್ಷ ಅಂತ ಕೇಳಿದ್ದೀ. ಇಪ್ಪತ್ತೆರಡು. ಬಸ್ಸಿನ ಕಂಬಿಯ ಮೇಲೆ, ಗೋದಾಮಿನ ಪೆಟ್ಟಿಗೆಗಳ ಮೇಲೆ, ಜ್ವರ ಬಂದಾಗ ಹಾಸಿಗೆಯ ಮೇಲೆ. ನಿನಗೆ ಐದು ತಿಂಗಳಿಗೇ ಜೀವ ಹೋದ ಹಾಗಾಗಿದೆ.

ಕೋಲು ನನಗೆ ಬೇಡ. ನನಗೆ ಬೇಕಾಗಿದ್ದಾಗ ಒಂಬತ್ತು ವರ್ಷ. ಈಗ ಕೊಟ್ಟರೆ ಅದು ನನಗೆ ಕೊಟ್ಟ ಹಾಗಲ್ಲ, ನಿನ್ನ ಎದೆಯ ಭಾರ ಇಳಿಸಿಕೊಂಡ ಹಾಗೆ. ಅದನ್ನು ನಾನು ಹೊರುವುದಿಲ್ಲ.

ನಿನ್ನ ಮನೆಯೊಳಗೇ ಒಬ್ಬಳಿದ್ದಾಳೆ. ವೈನಿ ಹೇಳಿದಳು, ನೀನು ಕುರಿಗೆ ಹೋದಾಗ ಪ್ರಾಜಕ್ತಾ ಹಿಟ್ಟಿನ ಡಬ್ಬಿ ಬೋರಲು ಹಾಕಿ ಬಾರಿಸುತ್ತಾಳಂತೆ, ನಿನ್ನ ಚಪ್ಪಲಿಯ ಸಪ್ಪಳ ಕೇಳಿದರೆ ನಿಲ್ಲಿಸುತ್ತಾಳಂತೆ. ನೀನು ಬಾಗಿಲು ಹಾಕಿಕೊಂಡು ಗಿಟಾರು, ಅವಳು ಬಾಗಿಲು ಹಾಕಿಕೊಂಡು ಡಬ್ಬಿ. ಎಂಥಾ ಮನೆಯಪ್ಪಾ ಅದು! ಆ ಕೋಲನ್ನು ಅವಳಿಗೆ ಕೊಡು. ಮಂದಿಯ ಎದುರು ಕೊಡು. ಕೊಟ್ಟ ದಿನ ನಾನು ಬರುತ್ತೇನೆ, ಅದಕ್ಕೂ ಮೊದಲು ಇಲ್ಲ.

ನಾನೂ ಒಂದು ಸುಳ್ಳು ಬರೆದಿದ್ದೆ. ಇನ್ನೊಂದು ಗಿಟಾರು ತೆಗೆದುಕೊಂಡಿಲ್ಲ. ಆ ಅಮಾಸಿಯ ಮೇಲೆ ಕ್ಲಾಸಿನ ಮೆಟ್ಟಿಲೂ ಹತ್ತಿಲ್ಲ. ಅವಿನಾಶ ಸರ್ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ನಿನಗೆ ಬರೆದ ಪಾಠವೆಲ್ಲ ನೆನಪಿನಿಂದ ಬರೆದದ್ದು, ಗಾಳಿಯಲ್ಲಿ ಬೆರಳು ಇಟ್ಟು ನೋಡಿ ಬರೆದದ್ದು. ನನ್ನ ಬೆರಳ ತುದಿಗಳು ಮತ್ತೆ ಮೆತ್ತಗಾಗಿವೆ. ನಿನ್ನವು ಈಗ ಗಟ್ಟಿಯಾಗಿರಬೇಕು. ನಾನು ಮೊದಲಿನಿಂದ ಶುರು ಮಾಡಬೇಕು, ಅದಕ್ಕೂ ನಿನ್ನ ಮೇಲೆ ಸಿಟ್ಟಿದೆ.

ದಪ್ಪ ಬೆರಳಿನವರು ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ತಂದು, ಬೆರಳನ್ನು ನೆಟ್ಟಗೆ ಮೇಲಿನಿಂದ ಇಳಿಸಬೇಕು. ಕೊರಳಿಗೆ ನೋವಾದರೆ ನಿಲ್ಲಿಸು.

ನಾನು ನಿನ್ನನ್ನು ಕ್ಷಮಿಸಿಲ್ಲ.

ಛಾಯಾ


ನಾಗಣಸೂರ
೨೨ ಸೆಪ್ಟೆಂಬರ್ ೨೦೨೫

ಛಾಯಾ,

ಕೊಟ್ಟೆ.

ಖಂಡೆ ನವಮಿಯವರೆಗೆ ಕಾದರೆ ನನ್ನ ಮನಸ್ಸು ತಿರುಗುತ್ತದೆ ಅಂತ ನಿನ್ನೆ ಅಮಾಸಿಗೇ ಕೊಟ್ಟೆ. ಡೊಳ್ಳು ಹೊರಲು ಅವಳಿಗೆ ಆಗುವುದಿಲ್ಲ, ಗುಡಿಯ ಎದುರು ಕಂಬಳಿ ಹಾಸಿ ಅದರ ಮೇಲೆ ಇಟ್ಟೆ, ಕರೆದು ಕೋಲು ಹಿಡಿಸಿದೆ. ತನ್ನನ್ನು ಹೊಡೆಯಲು ಕರೆದೆ ಅಂತ ತಿಳಿದು ಹುಡುಗಿ ನಡುಗುತ್ತಿದ್ದಳು. ಅದನ್ನು ನೋಡಿ ನನಗೆ ಏನಾಯಿತು ಅಂತ ಬರೆಯುವುದಿಲ್ಲ. ಮೇಳದ ಇಬ್ಬರು ಎದ್ದು ಹೋದರು. ರೇವಮ್ಮ ಮುದುಕಿ, "ಗೊಲ್ಲಾಳಪ್ಪನ ಮನಿ ಕೆಟ್ಟಿತವ್ವಾ" ಅಂದಳು. "ಹೌದ್ರಿ ಆಯಿ, ಕೆಟ್ಟದ. ಈಗ ಕುಂತ ಕೇಳ್ರಿ" ಅಂದೆ.

ಮೊದಲ ಪೆಟ್ಟು ಸೊಟ್ಟ ಬಿತ್ತು. ಎರಡನೆಯದು ಅಪ್ಪನ ಕೈಯ ಹಾಗೇ ಬಿತ್ತು. ನೀನು ಹೇಳಿದ ಹಾಗೆ ಬಾಯಿ ಬಿಟ್ಟು, "ಚಲೋ ಬಾರಿಸಿದಿ" ಅಂದೆ. ಅವಳು ಅತ್ತಳು, ಸುವರ್ಣಾ ಅತ್ತಳು. ಈ ಮನೆಯಲ್ಲಿ ಒಳ್ಳೆಯ ಮಾತು ಆಡಿದರೆ ಹೀಗೆ ಆಗುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು.

ಇನ್ನು ನಿನ್ನ ಮಾತು ನೀನು ಉಳಿಸಿಕೋ. ಬರುವಾಗ ಒಂದು ಸೆಟ್ಟು ಹೊಸ ತಂತಿ ತಾ, ಇವು ತುಕ್ಕು ಹಿಡಿದಿವೆ. ಅವ್ವನ ಹಾಡಿನ ಮೊದಲ ಸಾಲನ್ನು ಎರಡೇ ಕಾರ್ಡಿನಲ್ಲಿ ಹುಡುಕಿದ್ದೇನೆ. ಎರಡನೆಯ ಸಾಲಿಗೆ ಬೆರಳು ಎಲ್ಲಿ ಇಟ್ಟರೂ ಕೂಡುತ್ತಿಲ್ಲ. ಬಂದು ಹೇಳಿಕೊಡು. ಉಳಿದ ಜಗಳವನ್ನು ಇಲ್ಲೇ ಮಾಡು, ಕಾಗದದ ಮೇಲೆ ನನಗೆ ಚೀರಲು ಬರುವುದಿಲ್ಲ.

ಗಿಟಾರು ನೆರಳಿನಲ್ಲಿ ಇಟ್ಟಿದ್ದೇನೆ.

ಗುರುಸಿದ್ಧ